ಕೌದಿಯ ಹೊಟ್ಟೆಗೊಂದು ತೇಪೆ

ಹಳೆ ಬಟ್ಟೆ ಕೂಡಿಸಿ ಹೊಲಿದ ಹೊಸ ಕೌದಿ ಹಸಿದಿರಬಾರದೆಂದು ಅದರ ನಡುವೆ ರೊಟ್ಟಿಯ ಚೂರಿಟ್ಟು, ಮೇಲೊಂದು ತೇಪೆ ಹೊಲಿದು ಮುಚ್ಚುವುದು ಆ ಮನೆಯ ರೂಢಿ. ರೊಟ್ಟಿ ಇಟ್ಟಾಗಿತ್ತು, ತೇಪೆಗೆ ಬಟ್ಟೆ ಇರಲಿಲ್ಲ.

“ಪೇಟೆಯ ದೊಡ್ಡಂಗಡಿಯಿಂದಲೇ ತರ್ತೀನಿ ಅಕ್ಕಾ” ಎಂದು ಸೂಜಿ ಉದ್ದನೆಯ ನೂಲು ಪೋಣಿಸಿಕೊಂಡು ಹೊರಟಿತು.

“ಬೇಗ ಬಾರೇ, ಇರುವೆಗಳಿಗೆ ವಾಸನೆ ಹತ್ತಿದೆ” ಎಂದಿತು ಕೌದಿ.

ದೊಡ್ಡಂಗಡಿಯಲ್ಲಿ ಬಟ್ಟೆಯ ಥಾನುಗಳು ಸೂರು ಮುಟ್ಟಿದ್ದವು. “ನನ್ನನ್ನು ಹೊಲಿದು ನೋಡು!” “ನನ್ನನ್ನೂ!” ಎಂದು ಎಲ್ಲವೂ ಕರೆದವು. ಸೂಜಿಗೆ ಖುಷಿಯೋ ಖುಷಿ. ಒಂದೊಂದಕ್ಕೂ ಒಂದೊಂದು ಹೊಲಿಗೆ ಹಾಕಿ ನೋಡಿತು. ಇದಕ್ಕಿಂತ ಅದು ಚೆಂದ, ಅದಕ್ಕಿಂತ ಆಚೆಯದು ಚೆಂದ ಅನ್ನುವಷ್ಟರಲ್ಲಿ ನೂಲೇ ಮುಗಿದುಹೋಯಿತು.

ಬಟ್ಟೆಯೂ ಇಲ್ಲದೆ ನೂಲೂ ಇಲ್ಲದೆ ಹಿಂದಿರುಗುವಾಗ, ಓಣಿಯ ದರ್ಜಿಯ ಪುಟ್ಟ ಅಂಗಡಿಯ ಬುಟ್ಟಿಯಿಂದ ಕೆಂಪು ಚಿಂದಿಯೊಂದು ಕೂಗಿತು: “ಯಾಕವ್ವಾ, ಮುಖ ಸಪ್ಪಗಾಗಿದೆ? ನಾನು ಹಳೇ ರವಿಕೆಯ ಹೊಲಿಗೆ ಬಿಚ್ಚಿ ತೆಗೆದ ತುಂಡು. ನನ್ನ ಅಂಚಿನಲ್ಲಿ ನೂಲು ಇನ್ನೂ ನೇತಾಡ್ತಿದೆ. ಪೋಣಿಸ್ಕೊ, ನಡಿ.”

ಇರುವೆಗಳು ಕೌದಿಯ ಅಂಚು ದಾಟುವ ಹೊತ್ತಿಗೆ ತೇಪೆ ಕೂತಿತ್ತು.

“ದೊಡ್ಡಂಗಡಿ ಹೇಗಿತ್ತೇ?” ಎಂದಿತು ಕೌದಿ, ತುಂಬಿದ ಹೊಟ್ಟೆಯಲ್ಲಿ.

“ಭಾರೀ ಚೆಂದ ಅಕ್ಕಾ! ಮತ್ತೆ ಹೋಗ್ತೀನಿ.”

“ಯಾವಾಗ?”

“ಹೊಲಿಯೋ ಕೆಲಸ ಏನೂ ಇಲ್ಲದಾಗ.”