ದಡ ಹತ್ತಿದ ಬಸವನಹುಳುಗಳು

“ಗುರುಗಳೇ, ಕೇಡು ಬರುವ ಮುನ್ನ ಸೂಚನೆ ಕೊಡುತ್ತದೆಯೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಹೆಂಡತಿ, ಒಂದು ಮೊಲೆಗೂಸು. ಹೊಳೆಯ ಮೇಲ್ಗಡೆ ಒಬ್ಬ ವರ್ತಕ ಬಂದು, ಗುಡ್ಡ ಅಗೆಸಿ, ತಾಮ್ರದ ಅದಿರನ್ನು ಆ ನೀರಿನಲ್ಲೇ ತೊಳೆಸತೊಡಗಿದ. ಕಲ್ಲುಗಳ ಮೇಲಿನ ಪಾಚಿ ಸತ್ತು ಉದುರಿತು. ನೀರು ಹಿಂದೆಂದೂ ಇಲ್ಲದಷ್ಟು ತಿಳಿಯಾಯಿತು. ತಳದ ಮರಳು ಕಾಣುತ್ತದೆಂದು ಜನ ಹಿಗ್ಗಿದರು.

ಒಂದು ಮುಂಜಾನೆ ಅಂಬಿಗ ನೋಡುತ್ತಾನೆ, ದೋಣಿಯ ಮೈ ಕಾಣದಷ್ಟು ಬಸವನಹುಳು. ದೋಣಿ ನೂಕುವ ಬಿದಿರುಕೋಲಿನ ಮೇಲೂ, ಹಗ್ಗದ ಮೇಲೂ ಅವೇ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಸಾಯುವ ಹುಳುಗಳು ನೀರಿಗೆ ಬೆನ್ನು ಮಾಡಿ ಮೇಲೇರುತ್ತಿದ್ದವು. ಸದ್ದಿಲ್ಲ. ಅವನು ಎಲ್ಲವನ್ನೂ ಕೆರೆದು ಹೊಳೆಗೆ ಎಸೆದ. ಮರುದಿನ ಅವು ಮೆಟ್ಟಿಲು ಹತ್ತಿದ್ದವು. ಆಮೇಲೆ ಮನೆಯ ಹೊಸ್ತಿಲು. ಗುಡಿಸಿ, ಬುಟ್ಟಿಗೆ ತುಂಬಿ, ನೀರಿಗೆ ಸುರಿಯುವುದೇ ಅವನ ಬೆಳಗಿನ ಕೆಲಸವಾಯಿತು.

ವರ್ತಕ ಹೊಳೆ ದಾಟಲು ಬಂದಾಗ ಅಂಬಿಗ ಕೇಳಿದ: “ಧಣಿ, ನೀರಿಗೇನಾದರೂ ಆಗಿದೆಯೇ?”

ವರ್ತಕ ನಕ್ಕ. “ತಾಮ್ರದ ತಂಬಿಗೆಯ ನೀರು ಮೈಗೆ ಒಳ್ಳೆಯದೆಂದು ನಿನ್ನ ಅಜ್ಜಿ ಹೇಳಲಿಲ್ಲವೇ? ನಿಮಗೆ ಹೊಳೆಯೇ ತಂಬಿಗೆಯಾಗಿದೆ.”

ಅಂಬಿಗನಿಗೆ ಸಮಾಧಾನವಾಯಿತು. ಹೆಂಡತಿಗೆ ಆಗಲಿಲ್ಲ. ಒಂದು ಬೆಳಿಗ್ಗೆ ಅವಳು ಏಳುವಾಗ, ಹುಳುಗಳು ನೀರಿನ ಕೊಡವನ್ನು ಮಾತ್ರ ಬಿಟ್ಟು ಗೋಡೆಯನ್ನೆಲ್ಲ ಮುಚ್ಚಿದ್ದವು. ತೊಟ್ಟಿಲ ಹಗ್ಗ ಹಿಡಿದು ಏರುತ್ತಿದ್ದವು.

“ನೀರು ಬಿಟ್ಟರೆ ಬೇರೆ ಗತಿಯಿಲ್ಲದವು ನೀರಿಗೇ ಹೆದರಿವೆ. ಇದನ್ನು ಕುಡಿದು ನಾನು ಕೂಸಿಗೆ ಹಾಲು ಕೊಡಲಾರೆ. ನೀವೂ ಬನ್ನಿ,” ಎಂದಳು.

“ಹುಳುವಿಗೆ ಹೆದರಿ ಹೊಳೆ ಬಿಟ್ಟನೆಂದು ಜನ ಆಡಿಕೊಳ್ಳುತ್ತಾರೆ,” ಎಂದ ಅವನು.

ಅವಳು ಕೂಸನ್ನು ಎತ್ತಿಕೊಂಡು ಗುಡ್ಡದಾಚೆಯ ತವರಿಗೆ ನಡೆದಳು.

ಕೆಲವು ದಿನಗಳಲ್ಲಿ ಹುಳುಗಳು ಬರುವುದು ನಿಂತಿತು. ಪೀಡೆ ತೊಲಗಿತೆಂದುಕೊಂಡ ಅಂಬಿಗ ದೋಣಿಯಿಂದ ಬಗ್ಗಿ ನೋಡಿದ. ಹೊಳೆಯ ತಳವೆಲ್ಲ ಬೆಳ್ಳಗಿತ್ತು. ಬರೀ ಚಿಪ್ಪು. ಹರಿವಿಗೆ ಅವು ಒಂದಕ್ಕೊಂದು ಉಜ್ಜಿ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದಂತೆ ಕೇಳುತ್ತಿತ್ತು. ಕಪ್ಪೆಯ ಕೂಗಿಲ್ಲ, ಮೀನಿನ ನೆಗೆತವಿಲ್ಲ. ಅವನು ಬೊಗಸೆ ತುಂಬ ನೀರು ಕುಡಿದು, ದೋಣಿಯನ್ನು ಮುಂದೆ ನೂಕಿದ.

ಮಳೆಗಾಲಕ್ಕೆ ಮುಂಚೆ ಹೆಂಡತಿ ನೋಡಲು ಬಂದಳು. ದೋಣಿ ಕಟ್ಟಿತ್ತು. ಅವನು ಹಾಸಿಗೆ ಹಿಡಿದಿದ್ದ. ಕಣ್ಣು ಹಳದಿಯಾಗಿತ್ತು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿದ್ದ ಚೆಂಬನ್ನು ತೋರಿಸಿ, “ನೋಡು, ಎಷ್ಟು ತಿಳಿ,” ಎಂದ. ಅವಳು ಅದನ್ನು ಹೊರಗೆ ಚೆಲ್ಲಿ, ತವರಿನಿಂದ ತಂದ ನೀರನ್ನು ಅವನ ಬಾಯಿಗೆ ಬಿಟ್ಟಳು. ಅದು ಒಳಗಿಳಿಯಲಿಲ್ಲ.

ಗುರು ಕತೆ ಮುಗಿಸಿದರು.

“ಅಂದರೆ ಅಂಬಿಗನಿಗೆ ಸೂಚನೆ ಕೊಡಲೆಂದೇ ಹುಳುಗಳು ಬಂದಿದ್ದವು, ಅಲ್ಲವೇ?” ಎಂದ ಶಿಷ್ಯ.

“ಅವು ಬದುಕಲು ಬಂದಿದ್ದವು,” ಎಂದರು ಗುರು.