ನೋಟಿನ ಮೇಲಿನ ಅವ್ವ

"ಗುರುಗಳೇ, ಹಿರಿಯ ಗುರುಗಳು ತೀರಿಕೊಂಡು ವರ್ಷವಾಗುತ್ತಾ ಬಂತು. ಅವರದೊಂದು ಚಿತ್ರ ಬರೆಸಿ ಇಟ್ಟರೆ ಮರೆತೇವೆಂಬ ಭಯವಿರುವುದಿಲ್ಲ. ನೀವೇಕೆ ಬೇಡವೆನ್ನುತ್ತೀರಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ದೋಣಿಗಾರ್ತಿ ಇದ್ದಳು. ಪರದೇಶದವರು ಆ ನಾಡನ್ನು ಆಳುತ್ತಿದ್ದ ಕಾಲ. ಊರು ಸುಡಲು ಹೊರಟ ದಂಡು ಅವಳ ದೋಣಿ ಹತ್ತಿತು. ನಡುಹೊಳೆಯಲ್ಲಿ ಅವಳು ದೋಣಿಯ ತಳ ಒಡೆದಳು. ದಂಡು ಮುಳುಗಿತು, ಅವಳೂ ಮುಳುಗಿದಳು. ಹೆಣ ಸಿಗಲಿಲ್ಲ. ಊರು ಉಳಿಯಿತು. ಇನ್ನೂ ಲಂಗ ಉಡುವ ವಯಸ್ಸಿನ ಮಗಳೊಬ್ಬಳು ಉಳಿದಳು.

ಮಗಳೂ ದೋಣಿ ನಡೆಸಿದಳು, ನಡೆಸುತ್ತಲೇ ಮುದುಕಿಯಾದಳು. ತಾಯಿಯದೊಂದು ಪಟ ಇರಲಿಲ್ಲ. ತಾಯಿಯನ್ನು ಕಂಡಿದ್ದವರೆಲ್ಲ ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು. ಆ ಮುಖ ಈ ಲೋಕದಲ್ಲಿ ಉಳಿದಿದ್ದು ಇವಳ ಕಣ್ಣೊಳಗೆ ಮಾತ್ರ.

ಹಿರಿಯರ ಹಬ್ಬದ ದಿನ ಸತ್ತವರಿಗೆ ಎಡೆ ಇಡುತ್ತಾರಲ್ಲ, ಅದಕ್ಕೆ ಅವರ ಮನೆಯಲ್ಲೊಂದು ಕಟ್ಟಳೆ ಇತ್ತು. ಎಡೆ ಇಡುವವರು ಕಣ್ಣು ಮುಚ್ಚಿ ಸತ್ತವರ ಮುಖ ಕಾಣಬೇಕು. ಕಂಡ ಮೇಲೆಯೇ ಎಲೆಗೆ ಅನ್ನ ಬಡಿಸಬೇಕು. ಮುಖ ಕಾಣದೆ ಇಟ್ಟ ಎಡೆ ದಾರಿ ತಪ್ಪುತ್ತದೆ, ಬಂದವರು ಹಸಿದುಕೊಂಡೇ ಹಿಂದಿರುಗುತ್ತಾರೆ. ಮುದುಕಿಗೆ ಇದು ಎಂದೂ ಕಷ್ಟವಾಗಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಅವ್ವ ಬಂದು ಎದುರಿಗೆ ಕೂರುತ್ತಿದ್ದಳು.

ಪರದೇಶದವರು ಹೋಗಿ ಬಹಳ ಕಾಲದ ಮೇಲೆ ಸರ್ಕಾರಕ್ಕೆ ದೋಣಿಗಾರ್ತಿಯ ನೆನಪಾಯಿತು. ಅವಳ ಗೌರವಕ್ಕೆಂದು, ಊಹೆಯಿಂದಲೇ ಮುಖ ಬರೆಸಿ, ಒಂದು ನೋಟು ಅಚ್ಚು ಹಾಕಿಸಿತು. ಅಂಗಡಿಗೆ ಕೊಡುವ ನೋಟಲ್ಲ, ಜೋಪಾನವಾಗಿ ಎತ್ತಿಡುವ ನೋಟು. ಆಸೆಪಟ್ಟು ಕೊಂಡವರು ಅದನ್ನು ಮಡಿಸದೆ, ಬೆರಳು ತಾಗಿಸದೆ ಗಾಜಿನೊಳಗೆ ಇಟ್ಟುಕೊಂಡರು. ಅಂಥದೊಂದಕ್ಕೆ ಕಟ್ಟು ಹಾಕಿಸಿ ಅಧಿಕಾರಿಯೊಬ್ಬ ಮುದುಕಿಗೆ ತಂದುಕೊಟ್ಟ.

ಮುದುಕಿ ಬೆಳಕಿಗೆ ಹಿಡಿದು ನೋಡಿದಳು. "ಲಕ್ಷಣವಾಗಿದ್ದಾಳೆ ಕಣಪ್ಪ. ಯಾರಿವಳು?"

"ನಿಮ್ಮ ತಾಯಿ ಅಲ್ವೇನಮ್ಮ."

"ನಮ್ಮವ್ವ ಅಲ್ಲ ಬಿಡು. ಅವಳ ಮುಂದಿನ ಹಲ್ಲು ಮುರಿದಿತ್ತು. ದೋಣಿಯ ಹುಟ್ಟು ಬಡಿದು ಮುರಿದದ್ದು."

ಅಧಿಕಾರಿ ನಕ್ಕ. "ದೇಶದ ನೋಟಿನ ಮೇಲೆ ಮುರಿದ ಹಲ್ಲು ಹಾಕೋಕಾಗುತ್ತಾ ತಾಯಿ? ಚಿತ್ರದವರು ಬಾಯಿ ಮುಚ್ಚಿಸಿದ್ದೇ ಒಳ್ಳೇದಾಯ್ತು."

"ಬಾಯಿ ಮುಚ್ಚಿಕೊಂಡು ಇರೋಳಾಗಿದ್ರೆ ನೀನ್ಯಾಕೆ ಇಲ್ಲೀತನಕ ಬರ್ತಿದ್ದೆ" ಎಂದಳು ಮುದುಕಿ. ಆದರೂ ಇಷ್ಟು ದೂರ ಹೊತ್ತು ತಂದವನ ಮನಸ್ಸು ನೋಯಿಸಬಾರದೆಂದು ಇಸಿದುಕೊಂಡಳು. ಅವ್ವನ ಹೆಸರಿನದು, ಕಂಡಕಂಡಲ್ಲಿ ಇಡಬಾರದೆಂದು ದೇವರ ಗೂಡಿನಲ್ಲೇ ಇಟ್ಟಳು.

ದಿನಾ ದೀಪ ಹಚ್ಚುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ದೋಣಿ ಹತ್ತಲು ಬಂದವರು ಮನೆಗೂ ಬಂದು ಕೈಮುಗಿದು ಹೋಗುತ್ತಿದ್ದರು. ಮೊದಮೊದಲು ಮುದುಕಿ, "ಅವಳು ಹೀಗಿರಲಿಲ್ಲ ಕಣ್ರಪ್ಪ" ಎನ್ನುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೇಳಿ ಹೇಳಿ ಸಾಕಾಗಿ ಅವಳೂ ಸುಮ್ಮನಾದಳು.

ಮತ್ತೆ ಹಿರಿಯರ ಹಬ್ಬ ಬಂತು. ಅವ್ವನಿಗೆ ಇಷ್ಟವೆಂದು ಹೊಳೆಮೀನಿನ ಸಾರು ಮಾಡಿ, ಎಲೆ ಹಾಸಿ, ಮುದುಕಿ ಕಣ್ಣು ಮುಚ್ಚಿದಳು. ನೋಟಿನ ಮುಖ ಬಂತು. ತಲೆ ಕೊಡವಿಕೊಂಡು ಮತ್ತೆ ಮುಚ್ಚಿದಳು. ಅದೇ ಮುಖ, ಅದೇ ಮುಚ್ಚಿದ ಬಾಯಿ. ಎದ್ದುಹೋಗಿ ನೋಟನ್ನು ಗೋಡೆಗೆ ಮುಖ ಮಾಡಿಟ್ಟು ಬಂದಳು. ಆಗಲೂ ಅದೇ. ಹೊಳೆಗೆ ಹೋಗಿ, ಅವ್ವ ಕೂರುತ್ತಿದ್ದ ಹಾಗೆ ದೋಣಿಯಲ್ಲಿ ಕೂತು, ಹುಟ್ಟು ಹಿಡಿದು ನೋಡಿದಳು. ಹಲ್ಲು ಮುರಿದಿತ್ತು ಎಂಬ ಮಾತು ನಾಲಿಗೆಯ ಮೇಲಿತ್ತು. ಹಲ್ಲು ಕಾಣಲಿಲ್ಲ.

ಅನ್ನ ಆರಿತು. ಸಾರಿನ ಮೇಲೆ ಕೆನೆ ಕಟ್ಟಿತು. ಖಾಲಿ ಎಲೆಯ ಮುಂದೆ ಮುದುಕಿ, "ಅವ್ವಾ, ಉಣ್ಣು ಬಾ ಅಂತ ಯಾರನ್ನ ಕರೀಲೇ?" ಎಂದು ಅತ್ತಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಆ ನೋಟನ್ನು ಹರಿದು ಹೊಳೆಗೆ ಹಾಕಬಹುದಿತ್ತಲ್ಲ ಗುರುಗಳೇ?"

"ಹರಿಯಲೆಂದೇ ಕೈಗೆತ್ತಿಕೊಂಡಳಪ್ಪ, ಆದರೆ ಅಷ್ಟು ಹೊತ್ತಿಗೆ ಅವಳ ಪಾಲಿಗೆ ಉಳಿದಿದ್ದ ಅವ್ವ ಆ ನೋಟಿನವಳೊಬ್ಬಳೇ."