ಯಂಕವ್ವನ ಅಗಳಿ

ಬಹಳ ಹಿಂದೆ, ನಮ್ಮಜ್ಜನ ಅಜ್ಜ ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೆ, ಹೊಳೆದಂಡೆಯ ಒಂದೂರಿನಲ್ಲಿ ಯಂಕವ್ವ ಅಂತ ಒಬ್ಬಳಿದ್ದಳಂತೆ. ಕಲ್ಲು ಒಡೆಯುವುದು ಅವಳ ಕಸುಬು. ಅವಳು ಸುತ್ತಿಗೆ ಎತ್ತಿದರೆ ಸಾಕು, ಬಂಡೆ ತಾನಾಗಿ ಬಿರಿಯುತ್ತಿತ್ತು ಅಂತಾರೆ. ಊರಿನ ಗೋಡೆಗಳಿಗೆಲ್ಲ ಅವಳದೇ ಕಲ್ಲು, ಅವಳಿಗೆ ಮಾತ್ರ ಈಚಲು ಚಾಪೆಯ ಗುಡಿಸಲು. ಎಂದಾದರೂ ತನಗೊಂದು ಮನೆ ಕಟ್ಟಿಕೊಳ್ಳಬೇಕೆಂದು ಒಳ್ಳೊಳ್ಳೆಯ ಕಲ್ಲು ಆರಿಸಿ ರಾಶಿ ಹಾಕಿದ್ದಳಂತೆ.

ಒಂದು ಸಲ ಹೊಳೆ ಬಂತು. ಕೆಳಗೇರಿಯ ಮನೆಗಳೆಲ್ಲ ಕೊಚ್ಚಿಹೋದವು. ಊರವರೇನು ಕೆಟ್ಟವರಲ್ಲ, ಮರುಗಿದರು. ಮರುಗಿ ಒಂದು ತಪ್ಪು ಮಾಡಿದರು, ಮನೆ ಕಳಕೊಂಡವರನ್ನು ಮನೆಮನೆಗೆ ಹಂಚಿಕೊಂಡರು. ಭರಮ ಅನ್ನುವವನು ಗೌಡರ ಕೊಟ್ಟಿಗೆಗೆ, ಅವನ ಹೆಂಡತಿ ನಿಂಗವ್ವ ಶಾನುಭೋಗರ ಮನೆಯ ಬೀಸುವ ಕಲ್ಲಿಗೆ, ಮಕ್ಕಳು ಒಂದೊಂದು ದಿಕ್ಕಿಗೆ. ಕಿರಿಯವಳು ತಾಯಿಯ ಸೆರಗು ಬಿಡಲೊಲ್ಲದೆ ಅತ್ತಳು. ಅದನ್ನು ನೋಡಿದ ಯಂಕವ್ವ ನೆಟ್ಟಗೆ ಚಾವಡಿಗೆ ನಡೆದಳು.

"ಹಂಚಾಕ ಮಕ್ಕಳು ಪರಸಾದ ಏನ್ರಿ, ಗೌಡ್ರ?" ಅಂದಳಂತೆ, ತುಂಬಿದ ಚಾವಡಿಯಲ್ಲಿ.

ಹಾಗಾದರೆ ಇವರನ್ನೆಲ್ಲ ನೀನೆಲ್ಲಿ ಇಡುತ್ತೀ ಅಂತ ಗೌಡರು ಕೇಳಿದರು. ಯಂಕವ್ವ ಹೋಗಿ ತನ್ನ ಕಲ್ಲಿನ ರಾಶಿಗೇ ಕೈ ಹಾಕಿದಳು. ಮನೆ ಕಳಕೊಂಡವರು ಕಲ್ಲು ಹೊತ್ತರು, ಅವಳು ಗೋಡೆ ಎಬ್ಬಿಸಿದಳು. ಸಾಲು ಮನೆ ಎದ್ದವು, ಮನೆಗೊಂದು ಒಲೆ, ಮನೆಗೊಂದು ಬಾಗಿಲು. ಊರವರಿಗೆ ನಾಚಿಕೆಯಾಯಿತು. ಮರ ತಂದರು, ಹುಲ್ಲು ತಂದರು. ಸೂಲಗಿತ್ತಿ ಬಂದು ಬಸುರಿಯರನ್ನು ನೋಡಿಕೊಂಡಳು, ನೇಕಾರರು ಕರೆದು ಮಗ್ಗದ ಕೆಲಸ ಕಲಿಸಿದರು.

ಹಿರಿಯರದು ಒಂದೇ ತಕರಾರು. ಬಾಗಿಲ ಅಗಳಿ ಹೊರಗಿರಲಿ, ನಾವು ಆಗಾಗ ಬಂದು ತೆಗೆದು ನೋಡುವುದಕ್ಕೆ ಅನುಕೂಲ ಅಂದರಂತೆ. ಯಂಕವ್ವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ, ಒಳಗೇ ಹಾಕಿಸಿದಳು.

ಒಕ್ಕಲು ಹೊಕ್ಕ ಮರುದಿನ ಬೆಳಿಗ್ಗೆ ಗೌಡರು ಅಂಬಲಿಯ ಗಡಿಗೆ ಹೊರಿಸಿಕೊಂಡು ಬಂದರೆ ನಿಂಗವ್ವನ ಬಾಗಿಲು ಹಾಕಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು, ಮಕ್ಕಳ ನಗು. ಕೊಡಲು ಬಂದವರ ಮುಖಕ್ಕೇ ಬಾಗಿಲೇ ಅಂತ ಗೌಡರಿಗೆ ಸಿಟ್ಟು ಬಂತು.

"ಸಿಟ್ಟಾಗಬ್ಯಾಡ್ರಿ. ಬಾಗಲಾ ಹಾಕ್ಕೊಂಡಾರ ಅಂದ್ರ ಅದು ಮನಿ ಆತು. ಬಡೀರಿ, ತಗೀತಾರ," ಅಂದಳು ಅಲ್ಲೇ ಪಕ್ಕದಲ್ಲಿ ಕಲ್ಲು ಕೆತ್ತುತ್ತಿದ್ದ ಯಂಕವ್ವ.

ಊರಿಗೇ ದೊಡ್ಡವರಾದ ಗೌಡರು ಬಾಗಿಲು ಬಡಿದು ನಿಂತರು. ನಿಂಗವ್ವ ಅಗಳಿ ತೆಗೆದು, ಒಳಗೆ ಬಂದು ರೊಟ್ಟಿ ತಿನ್ನಿರೆಂದು ಕರೆದಳಂತೆ. ಗೌಡರು ತಿಂದರು. ಅವತ್ತು ಯಂಕವ್ವ ಎದೆಯುಬ್ಬಿಸಿ ನಡೆದದ್ದನ್ನು ಊರೇ ನೋಡಿತು ಅಂತಾರೆ.

ಅವಳ ಸ್ವಂತ ಮನೆ ಏಳಲೇ ಇಲ್ಲ. ಇಂದಿಗೂ ಆ ಊರಲ್ಲಿ ಯಾರು ಮನೆ ಕಟ್ಟಿದರೂ, ಇದು ಯಂಕವ್ವನ ಮನೆಗೆ ಅಂತ ಒಂದು ಒಳ್ಳೆಯ ಕಲ್ಲು ಆ ರಾಶಿಗೆ ಹಾಕುತ್ತಾರೆ. ನೆಲೆ ತಪ್ಪಿದವರು ಬಂದಾಗ ಆ ಕಲ್ಲಿನಿಂದಲೇ ಸಾಲು ಬೆಳೆಯುತ್ತದೆ. ಈಗ ಅದು ಗುಡ್ಡದ ಬುಡ ಮುಟ್ಟಿದೆ. ಅಲ್ಲಿ ಬಾಗಿಲು ಹಾರುಹೊಡೆದಿದ್ದರೂ ಊರವರು ಸುಮ್ಮನೆ ನುಗ್ಗುವುದಿಲ್ಲ. ಬಡಿದು, ಹೊರಗೇ ನಿಲ್ಲುತ್ತಾರೆ, ಒಳಗಿನವರು ಬನ್ನಿ ಅನ್ನುವ ತನಕ.